ಮರೆವಿನ ವಂಶಾವಳಿ

ಮುಪ್ಪಿನ ಮರೆವಿಗೆ ಕನ್ನಡದಲ್ಲಿ 'ಅರಳುಮರಳು' ಎಂಬ ಮಾತಿದೆ. ಅರವತ್ತಕ್ಕೆ ಅರಳುಮರಳು ಎನ್ನುವಾಗ ನಾವು ರೋಗದ ಹೆಸರನ್ನು ಹೇಳುತ್ತಿರುವುದಿಲ್ಲ, ವಯಸ್ಸಿನ ಒಂದು ಮಜಲನ್ನು ಹೇಳುತ್ತಿರುತ್ತೇವೆ. ಆ ಮಾತಿನಲ್ಲಿ ತುಸು ನಗೆಯಿದೆ, ಸಾಕಷ್ಟು ಕ್ಷಮೆಯೂ ಇದೆ. ಉಂಡದ್ದನ್ನು ಮರೆತು ಇನ್ನೊಮ್ಮೆ ಬಡಿಸು ಎಂದು ಕೇಳುವ ಅಜ್ಜನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಆದರೆ ಮೊಮ್ಮಕ್ಕಳನ್ನು ಕಾಣುವುದಿರಲಿ, ಇನ್ನೂ ಮಕ್ಕಳ ಶಾಲೆಯ ಫೀಸು ಕಟ್ಟುತ್ತಿರುವ ನಲವತ್ತೈದರ ಮನುಷ್ಯನೊಬ್ಬ ತನ್ನ ಹೊಲದ ದಾರಿಯನ್ನೇ ಮರೆತರೆ ಈ ಮಾತು ಒದಗಿ ಬರುವುದಿಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಆಂಟಿಯೋಕಿಯಾ ಎಂಬ ಗುಡ್ಡಗಾಡಿನ ಪ್ರಾಂತ್ಯವೊಂದಿದೆ. ಅಲ್ಲಿಯ ರೈತಾಪಿ ಜನರಿಗೆ ಇಂಥ ಮರೆವು ಎಷ್ಟು ಪರಿಚಿತವಾಗಿತ್ತೆಂದರೆ ಅದಕ್ಕೊಂದು ಹೆಸರೇ ಇತ್ತು: 'ಲಾ ಬೊಬೇರಾ'. ಪೆದ್ದುತನ, ಮಂಕು ಎಂದು ಅದರ ಅರ್ಥ. ಬೊಬೇರಾ ಕೆಲವು ಮನೆಗಳಿಗೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಬಂದ ಮನೆಯನ್ನು ತಲೆಮಾರು ಕಳೆದರೂ ಬಿಡುವುದಿಲ್ಲ ಎಂಬುದು ವೈದ್ಯರಿಗಿಂತ ಬಹಳ ಮೊದಲೇ ಅವರಿಗೆ ಗೊತ್ತಿತ್ತು.

ಆಲ್ಝೈಮರ್ ಕಾಯಿಲೆಯ ಬಗ್ಗೆ ಇಂದು ವಿಜ್ಞಾನಕ್ಕೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಇಂಥ ಬೆರಳೆಣಿಕೆಯ ಕುಟುಂಬಗಳಿಂದ ಬಂದದ್ದು. ಇಡೀ ಜಗತ್ತಿನ ಆಲ್ಝೈಮರ್ ರೋಗಿಗಳಲ್ಲಿ, ನೇರವಾಗಿ ಒಂದೇ ಜೀನಿನ ದೋಷದಿಂದ ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಬಗೆಯವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಉಳಿದ ತೊಂಬತ್ತೊಂಬತ್ತು ಮಂದಿಯ ಕಾಯಿಲೆಗೆ ಬೀಗದ ಕೈ ಹುಡುಕಿದ್ದು ಈ ಒಬ್ಬರ ಮನೆಯಲ್ಲಿ. ಈ ಪ್ರಬಂಧ ಆ ಹುಡುಕಾಟದ ಚರಿತ್ರೆ. ಜೊತೆಗೆ ಆ ಲೆಕ್ಕದಲ್ಲಿ ಯಾರು ಕೊಟ್ಟರು, ಯಾರಿಗೆ ಏನು ಸಂದಿತು ಎಂಬ ವಿಚಾರವೂ ಹೌದು.

ಮೊದಲಿಗೆ ಕಾಯಿಲೆಗೆ ಆ ಹೆಸರು ಬಂದ ಕಥೆ. 1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ದಾಖಲಿಸಲಾಯಿತು. ಅಲ್ಲಿ ವೈದ್ಯನಾಗಿದ್ದ ಆಲೋಯಿಸ್ ಆಲ್ಝೈಮರ್ ಆಕೆಯೊಡನೆ ನಡೆಸಿದ ಪ್ರಶ್ನೋತ್ತರಗಳನ್ನು ಕೈಬರಹದಲ್ಲಿ ದಾಖಲಿಸಿದ. ಊಟಕ್ಕೆ ಹಂದಿಮಾಂಸ, ಹೂಕೋಸು ತಿನ್ನುತ್ತಿರುವಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಎನ್ನುತ್ತಾಳೆ. ಹೆಸರು ಬರೆಯಿರಿ ಎಂದರೆ 'ಶ್ರೀಮತಿ' ಎಂದಷ್ಟೇ ಬರೆದು ಮುಂದೇನೆಂಬುದನ್ನು ಮರೆಯುತ್ತಾಳೆ. ತನ್ನನ್ನೇ ತಾನು ಕಳೆದುಕೊಂಡಿದ್ದೇನೆಂದು ಆಕೆ ಹೇಳುತ್ತಿದ್ದಳು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮ್ಯೂನಿಕ್‌ನಲ್ಲಿದ್ದ ಆಲ್ಝೈಮರ್ ಮೆದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದ. ನರಕೋಶಗಳ ಹೊರಗೆ ಗಟ್ಟಿಯಾದ ಕಲೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನ ವೈದ್ಯರ ಸಭೆಯಲ್ಲಿ ಇದನ್ನು ವರದಿ ಮಾಡಿದಾಗ ಸಭೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲವಂತೆ. 1910ರಲ್ಲಿ ಅವನ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರನ ಹೆಸರಿಟ್ಟ.

ಡೇಟರ್‌ಳ ಕಡತ ಮಾತ್ರ ಕಣ್ಮರೆಯಾಗಿತ್ತು. ತೊಂಬತ್ತು ವರ್ಷ ಕಳೆದ ಮೇಲೆ, 1995ರ ಡಿಸೆಂಬರ್‌ನಲ್ಲಿ, ಅದು ಫ್ರಾಂಕ್‌ಫರ್ಟಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಿಕ್ಕಿತು. ಕಡತಗಳ ನಡುವೆಯೇ ನೌಕರಿ ಸವೆಸುತ್ತಿರುವ ನನ್ನಂಥವರಿಗೆ ಇದು ಸಣ್ಣ ಸಮಾಧಾನದ ಸಂಗತಿ: ತಪ್ಪು ಕಪಾಟಿನಲ್ಲಿದ್ದರೂ ಕಡತ ಉಳಿದಿದ್ದರೆ ಸಾಕು, ಎಂದಾದರೊಂದು ದಿನ ಅದು ಬಾಯಿಬಿಡುತ್ತದೆ. ಆದರೆ ಈ ಕಡತ ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಐವತ್ತೊಂದಕ್ಕೇ ಬಂದ ಈ ಮರೆವು ಆಕೆಗೆ ಹೆತ್ತವರಿಂದ ಬಂದಿತ್ತೆ? ಉಳಿದಿದ್ದ ಗಾಜಿನ ಪಟ್ಟಿಗಳಿಂದ ಡಿಎನ್‌ಎ ತೆಗೆದು ನೋಡಿದ ಒಂದು ತಂಡ ಆನುವಂಶಿಕ ದೋಷವೊಂದನ್ನು ಕಂಡೆವೆಂದು ವರದಿ ಮಾಡಿತು. ಮರುಪರೀಕ್ಷೆ ಮಾಡಿದ ಇನ್ನೊಂದು ತಂಡಕ್ಕೆ ಅದು ಕಾಣಲಿಲ್ಲ. ಮೊಟ್ಟಮೊದಲ ರೋಗಿಯ ವಿಷಯದಲ್ಲೇ ವ್ಯಾಜ್ಯ ಇತ್ಯರ್ಥವಾಗಿಲ್ಲ.

ಕ್ರೇಪೆಲಿನ್ ಇಟ್ಟ ಹೆಸರು ಅರವತ್ತೈದಕ್ಕೆ ಮೊದಲೇ ಬರುವ ಅಪರೂಪದ ಕಾಯಿಲೆಗೆ ಮಾತ್ರ ಮೀಸಲಾಗಿತ್ತು. ಮುದುಕರದ್ದು ಬರಿಯ ಮುಪ್ಪು, ಅಂದರೆ ನಮ್ಮ ಅರಳುಮರಳು. ಈ ಗೋಡೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಿಂತಿತ್ತು. 1976ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಎಂಬ ಅಮೆರಿಕದ ನರವೈದ್ಯ ಒಂದು ಪುಟ್ಟ ಸಂಪಾದಕೀಯದಲ್ಲಿ, ಎರಡೂ ಮೆದುಳುಗಳಲ್ಲಿ ಅದೇ ಕಲೆ, ಅದೇ ಸಿಕ್ಕು ಕಾಣುತ್ತಿರುವಾಗ ಇವು ಎರಡು ಕಾಯಿಲೆಗಳಲ್ಲ, ಒಂದೇ ಎಂದು ವಾದಿಸಿದ. ಆ ವಾದ ಗೆದ್ದದ್ದರಿಂದ ಆಲ್ಝೈಮರ್ ಒಮ್ಮೆಗೇ ಲಕ್ಷಾಂತರ ಜನರ ಕಾಯಿಲೆಯಾಯಿತು. ಇನ್ನೊಂದು ಪರಿಣಾಮದ ಬಗ್ಗೆ ಮಾತು ಕಡಿಮೆ. ಎರಡೂ ಒಂದೇ ಎಂದಾದ ಮೇಲೆ, ನಲವತ್ತರಲ್ಲಿ ಮರೆವು ಹತ್ತುವ ವಿಚಿತ್ರ ಕುಟುಂಬಗಳು ವೈದ್ಯಶಾಸ್ತ್ರದ ಅಂಚಿನಿಂದ ನಡುಮನೆಗೆ ಬಂದವು. ಅವರ ಜೀನಿನಲ್ಲಿ ಸಿಕ್ಕ ಸುಳಿವು ಎಲ್ಲರ ಅಜ್ಜ ಅಜ್ಜಿಯರ ಕಾಯಿಲೆಗೂ ಸುಳಿವಾಗಬಲ್ಲದು.

ಆ ಸುಳಿವು ಮೊದಲು ಹೊಳೆದದ್ದು ಬೇರೊಂದು ದಾರಿಯಿಂದ. 1984ರಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಗ್ಲೆನರ್ ಮತ್ತು ಸಹೋದ್ಯೋಗಿ ಕೇನ್ ವಾಂಗ್ ರೋಗಿಗಳ ಮೆದುಳಿನ ರಕ್ತನಾಳಗಳಲ್ಲಿ ಮಡುಗಟ್ಟಿದ್ದ ವಸ್ತುವನ್ನು ಬೇರ್ಪಡಿಸಿದರು. ಇಂದು ನಾವು ಬೀಟಾ ಅಮಿಲಾಯ್ಡ್ ಎನ್ನುವುದು ಇದನ್ನೇ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಅವರ ಮೆದುಳಿನಲ್ಲಿ ನಲವತ್ತರ ಹೊತ್ತಿಗೇ ಅದೇ ವಸ್ತು ಕಟ್ಟಿಕೊಂಡಿರುತ್ತದೆ. ಹಾಗಾದರೆ ಆ ವಸ್ತುವಿನ ಜೀನು 21ನೇ ವರ್ಣತಂತುವಿನಲ್ಲೇ ಇರಬೇಕೆಂದು ಗ್ಲೆನರ್ ಊಹಿಸಿದ. 1987ರಲ್ಲಿ ಹಲವು ಪ್ರಯೋಗಶಾಲೆಗಳು ಹೆಚ್ಚುಕಡಿಮೆ ಒಟ್ಟಿಗೇ ಅದನ್ನು ಅಲ್ಲಿಯೇ ಕಂಡವು. ಅಮಿಲಾಯ್ಡ್ ಎಂಬುದು ಸ್ವತಂತ್ರ ಪದಾರ್ಥವಲ್ಲ. ನರಕೋಶದ ಪೊರೆಯನ್ನು ಹಾದು ನಿಂತ ಒಂದು ದೊಡ್ಡ ಪ್ರೋಟೀನನ್ನು ಎರಡು ಕಿಣ್ವಗಳು ಕತ್ತರಿಗಳಂತೆ ಎರಡು ಕಡೆ ಕತ್ತರಿಸಿದಾಗ ನಡುವೆ ಉದುರುವ ತುಂಡು ಅದು. ಆ ದೊಡ್ಡ ಪ್ರೋಟೀನಿಗೆ ಎಪಿಪಿ ಎಂದು ಹೆಸರಾಯಿತು.

ಆದರೆ ಮಡುಗಟ್ಟಿದ ಆ ವಸ್ತು ರೋಗದ ಕಾರಣವೋ, ರೋಗ ಬಿಟ್ಟುಹೋದ ಬೂದಿಯೋ? ಇದನ್ನು ತೀರ್ಮಾನಿಸಲು ಒಂದು ಕುಟುಂಬ ಬೇಕಿತ್ತು. 1986ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮೂಲದ ಕ್ಯಾರೊಲ್ ಜೆನ್ನಿಂಗ್ಸ್ ಎಂಬ ಮಹಿಳೆ, ಸಂಶೋಧನೆಗೆ ಕುಟುಂಬಗಳು ಬೇಕಾಗಿವೆ ಎಂಬ ಕೋರಿಕೆ ನೋಡಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಸಂಶೋಧಕರಿಗೆ ಒಂದು ಪತ್ರ ಬರೆದಳು. ತನ್ನ ತಂದೆಯೂ ಅವನ ಒಡಹುಟ್ಟಿದವರಲ್ಲಿ ಹಲವರೂ ಐವತ್ತರ ಪ್ರಾಯದಲ್ಲೇ ಒಬ್ಬರ ಹಿಂದೊಬ್ಬರು ಈ ಕಾಯಿಲೆಗೆ ಬಿದ್ದಿದ್ದಾರೆ, ನಮ್ಮಿಂದ ನಿಮಗೆ ಉಪಯೋಗವಾಗಬಹುದು ಎಂಬುದು ಪತ್ರದ ತಾತ್ಪರ್ಯ. ವಂಶವೃಕ್ಷವನ್ನೂ ಆಕೆಯೇ ಬರೆದು ಕಳಿಸಿದ್ದಳು. ಜಾನ್ ಹಾರ್ಡಿ, ಆಲಿಸನ್ ಗೋಟ್ ಮತ್ತವರ ಸಂಗಡಿಗರು ಆ ಕುಟುಂಬದ ರಕ್ತದ ಮಾದರಿಗಳ ಮೇಲೆ ಕೆಲಸ ಮಾಡಿ 1991ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಎಪಿಪಿ ಪ್ರೋಟೀನಿನ 717ನೇ ಸ್ಥಾನದಲ್ಲಿ ಒಂದು ಅಮೈನೋ ಆಮ್ಲದ ಜಾಗದಲ್ಲಿ ಇನ್ನೊಂದು ಕೂತಿದೆ; ಕಾಯಿಲೆ ಬಂದವರಲ್ಲಿ ಅದಿದೆ. ಇಡೀ ಗ್ರಂಥದಲ್ಲಿ ಒಂದಕ್ಷರದ ಅಚ್ಚಿನ ತಪ್ಪು! ಮಡುಗಟ್ಟಿದ ವಸ್ತು ಬೂದಿಯಲ್ಲ, ಕಿಡಿ ಎಂಬ ಸಿದ್ಧಾಂತ ಮರುವರ್ಷವೇ ರೂಪುಗೊಂಡಿತು. ಅಂದಿನಿಂದ ಇಂದಿನವರೆಗೆ ಔಷಧ ಕಂಪನಿಗಳು ಸುರಿದ ಹಣದ ಬಹುಭಾಗ ಈ ಸಿದ್ಧಾಂತದ ಬೆನ್ನುಹತ್ತಿಯೇ ಹರಿಯಿತು. ಅದನ್ನು ಸಾಧ್ಯವಾಗಿಸಿದ ಆ ಪತ್ರ ಬರೆದಾಕೆಯನ್ನೂ ಕಾಯಿಲೆ ಬಿಡಲಿಲ್ಲ. ಬುದ್ಧಿ ನೆಟ್ಟಗಿರುವವರೆಗೆ ಇತರ ಕುಟುಂಬಗಳ ಪರವಾಗಿ ಓಡಾಡಿದ ಕ್ಯಾರೊಲ್ 2024ರಲ್ಲಿ ತೀರಿಕೊಂಡಳು. ಅವಳ ಮೆದುಳು ಸಂಶೋಧನೆಗೆ ದಾನವಾಯಿತು.

ಎಪಿಪಿ ದೋಷ ಕೆಲವೇ ಕುಟುಂಬಗಳಲ್ಲಿತ್ತು. ಉಳಿದವರದ್ದು 14ನೇ ವರ್ಣತಂತುವಿನಲ್ಲಿದೆ ಎಂದು 1992ರಲ್ಲಿ ತಿಳಿಯಿತು. 1995ರಲ್ಲಿ ಟೊರಾಂಟೊದ ಪೀಟರ್ ಸೇಂಟ್ ಜಾರ್ಜ್-ಹಿಸ್ಲಪ್ ತಂಡ ಪ್ರೆಸೆನಿಲಿನ್-1 ಎಂಬ ಜೀನನ್ನು ಹಿಡಿಯಿತು. ಎಪಿಪಿಯನ್ನು ಕತ್ತರಿಸುವ ಎರಡು ಕತ್ತರಿಗಳಲ್ಲಿ ಒಂದರ ಅಲಗೇ ಈ ಪ್ರೆಸೆನಿಲಿನ್ ಎಂಬುದು ನಂತರ ಸ್ಪಷ್ಟವಾಯಿತು. ಒಂದು ಕಡೆ ಬಟ್ಟೆಯಲ್ಲಿ ದೋಷ, ಇನ್ನೊಂದು ಕಡೆ ಕತ್ತರಿಯಲ್ಲಿ ದೋಷ. ಉದುರುವ ತುಂಡು ಮಾತ್ರ ಅದೇ. ಈ ಶೋಧಕ್ಕೆ ಒದಗಿದ ಕುಟುಂಬಗಳಲ್ಲಿ ಒಂದು ಇಟಲಿಯ ಕಲಾಬ್ರಿಯಾದ್ದು. ಅದರ ಮೂಲವನ್ನು ಚರ್ಚಿನ ದಾಖಲೆಗಳಲ್ಲಿ ಹದಿನೇಳನೇ ಶತಮಾನದವರೆಗೆ ಹಿಡಿದುಕೊಂಡು ಹೋಗಿದ್ದರು. ಅದೇ ವರ್ಷ ಪ್ರೆಸೆನಿಲಿನ್-2 ಕೂಡ ಸಿಕ್ಕಿತು, ಅದು 'ವೋಲ್ಗಾ ಜರ್ಮನರು' ಎಂಬ ಜನರ ಮನೆಗಳಲ್ಲಿ. 1760ರ ದಶಕದಲ್ಲಿ ರಷ್ಯಾದ ರಾಣಿ ಕ್ಯಾಥರೀನಳ ಆಹ್ವಾನಕ್ಕೆ ಓಗೊಟ್ಟು ಜರ್ಮನಿಯಿಂದ ವೋಲ್ಗಾ ನದಿಯ ದಂಡೆಗೆ ಹೋಗಿ ನೆಲೆಸಿ, ನೂರು ವರ್ಷ ತಮ್ಮತಮ್ಮಲ್ಲೇ ಕೊಡುಕೊಳೆ ನಡೆಸಿ, ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರು ಅವರು. ಎರಡು ದೇಶ ದಾಟಿದರೂ ಭಾಷೆ, ಅಡುಗೆ, ಮದುವೆಯ ಪದ್ಧತಿಗಳನ್ನು ಬಿಡಲಿಲ್ಲ; ಯಾವನೋ ಒಬ್ಬ ಪೂರ್ವಜನ ಒಂದಕ್ಷರದ ತಪ್ಪೂ ಅವರೊಡನೆ ಬಂತು. ಊರು ಬಿಟ್ಟು ಬಂದ ನಾವು ಗಂಟಿನಲ್ಲಿ ಏನೇನು ಕಟ್ಟಿಕೊಂಡು ಬಂದಿದ್ದೇವೆಂಬ ಪೂರ್ತಿ ಪಟ್ಟಿ ನಮಗೂ ಗೊತ್ತಿರಲಾರದು.

ಇಷ್ಟಾದರೂ, ಸಂಖ್ಯೆಯಲ್ಲಾಗಲಿ ಸಹನೆಯಲ್ಲಾಗಲಿ, ಆಂಟಿಯೋಕಿಯಾಕ್ಕೆ ಸಾಟಿಯಾದ ಜಾಗ ಬೇರೊಂದಿಲ್ಲ.

ಫ್ರಾನ್ಸಿಸ್ಕೊ ಲೊಪೇರಾ ಹುಟ್ಟಿದ್ದು 1951ರಲ್ಲಿ, ಆ ಬೆಟ್ಟಗಳ ನಡುವೆಯೇ. ಬೆಳೆದದ್ದು ಯಾರುಮಾಲ್ ಎಂಬ ಊರಿನಲ್ಲಿ. 1980ರ ದಶಕದ ಮೊದಲಲ್ಲಿ ಮೆಡೆಲೀನ್ ನಗರದ ಆಂಟಿಯೋಕಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರರೋಗಶಾಸ್ತ್ರ ಕಲಿಯುತ್ತಿದ್ದಾಗ ಬೆಲ್ಮೀರಾ ಎಂಬ ಹಳ್ಳಿಯಿಂದ ರೈತನೊಬ್ಬನನ್ನು ಕರೆತಂದರು. ಇನ್ನೂ ಐವತ್ತಾಗಿರದ ಆತ ಎಲ್ಲವನ್ನೂ ಮರೆಯುತ್ತಿದ್ದ. ಅವನ ತಂದೆಗೂ ಒಡಹುಟ್ಟಿದವರಿಗೂ ಹೀಗೇ ಆಗಿತ್ತೆಂದು ಮನೆಯವರು ಹೇಳಿದರು. ಇಂಥ ಮಾತನ್ನು ಕೇಸ್ ಶೀಟಿನಲ್ಲಿ ಒಂದು ಸಾಲು ಬರೆದು ಮುಂದಿನ ರೋಗಿಯನ್ನು ಕರೆಯುವವರೇ ಹೆಚ್ಚು. ಲೊಪೇರಾ ಬೆಲ್ಮೀರಾಕ್ಕೆ ಹೋದ. ಅಲ್ಲಿಂದ ಮುಂದಿನ ನಾಲ್ಕು ದಶಕ ಆತ ಮಾಡಿದ್ದು ಇದೊಂದೇ ಕೆಲಸ.

ಹಳ್ಳಿಗಳಲ್ಲಿ ಬೊಬೇರಾಕ್ಕೆ ತಮ್ಮವೇ ವಿವರಣೆಗಳಿದ್ದವು. ಯಾವುದೋ ಒಂದು ಮರವನ್ನು ಮುಟ್ಟಿದ್ದರಿಂದ ಬರುತ್ತದೆ ಎಂಬುದು ಒಂದು. ಹಿಂದೆ ಯಾರೋ ಚರ್ಚಿನಲ್ಲಿ ಕದ್ದರು, ಪಾದ್ರಿ ಶಪಿಸಿದ ಎಂಬುದು ಇನ್ನೊಂದು. ನಗುವಂಥದ್ದೇನೂ ಇದರಲ್ಲಿಲ್ಲ. 1970ರ ದಶಕದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲುಗಳು ಸವೆದು ನಡು ಬಾಗಿ ಕುಂಟುತ್ತಿದ್ದವರು ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೆಂಬ ಅನುಮಾನವಿತ್ತು; ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕಾಯಿಲೆಯೆಂದು ಮನವರಿಕೆಯಾದದ್ದು ನಂತರ. ಮರ, ಶಾಪ, ಏಡಿ ಇವೆಲ್ಲವೂ ಒಂದೇ ಪ್ರಶ್ನೆಗೆ ಉತ್ತರ: ಪಕ್ಕದ ಮನೆಯವರಿಗೆ ಬಾರದ್ದು ನಮಗೇ ಏಕೆ? ಹಂದಿಗೋಡಿನ ಹೆಸರು ವೈದ್ಯಕೀಯ ಸಾಹಿತ್ಯದಲ್ಲಿ ಕಾಯಿಲೆಯ ಹೆಸರಾಗಿ ಉಳಿಯಿತು. ಆಂಟಿಯೋಕಿಯಾದ ಜನರನ್ನು ಕೊಲಂಬಿಯಾದಲ್ಲಿ 'ಪಾಯ್ಸಾ'ಗಳೆಂದು ಕರೆಯುತ್ತಾರೆ. ಅವರ ದೋಷಕ್ಕೂ 'ಪಾಯ್ಸಾ ರೂಪಾಂತರ' ಎಂದೇ ಹೆಸರು ಬಿತ್ತು.

ಲೊಪೇರಾನ ಜೊತೆಗೆ ಲುಸಿಯಾ ಮದ್ರಿಗಲ್ ಎಂಬ ನರ್ಸ್ ಇದ್ದಳು. ಊರೂರು ಅಲೆದು, ಅಡುಗೆಮನೆಗಳಲ್ಲಿ ಕೂತು, ಯಾರ ಮಗಳನ್ನು ಯಾರಿಗೆ ಕೊಟ್ಟಿತ್ತು, ಯಾವ ಚಿಕ್ಕಪ್ಪ ಎಷ್ಟನೇ ವಯಸ್ಸಿನಲ್ಲಿ ಮಂಕಾದ ಎಂದು ಕೇಳಿ ಬರೆದುಕೊಂಡವಳು ಆಕೆ. ಉತ್ತರ ಕರ್ನಾಟಕದ ಓದುಗರಿಗೆ ಈ ಚಿತ್ರ ಪರಿಚಿತ. ವರ್ಷಕ್ಕೋ ಎರಡು ವರ್ಷಕ್ಕೋ ಮನೆಬಾಗಿಲಿಗೆ ಬಂದು, ಹಳೆಯ ಪುಸ್ತಕ ಬಿಚ್ಚಿ ಏಳೆಂಟು ತಲೆಮಾರಿನ ಹೆಸರು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ದವಸ ಕಾಣಿಕೆ ಪಡೆದು ಹೋಗುವ ಹೆಳವರ ಕೆಲಸ ಇದೇ ಅಲ್ಲವೆ? ಹೆಳವನ ಪುಸ್ತಕದಲ್ಲಿ ಇಲ್ಲದ ಒಂದೇ ಕಲಂ ಎಂದರೆ ಕಾಯಿಲೆಯದ್ದು. ಆಂಟಿಯೋಕಿಯಾದಲ್ಲಿ ಹೆಳವರಿರಲಿಲ್ಲ, ಚರ್ಚುಗಳಿದ್ದವು. ಕ್ಯಾಥೊಲಿಕ್ ಪಾದ್ರಿಗಳು ಶತಮಾನಗಳಿಂದ ಬರೆದಿಟ್ಟ ನಾಮಕರಣ, ಮದುವೆ, ಸಾವಿನ ದಾಖಲೆಗಳನ್ನು ಹಿಡಿದು ಹಿಂದೆ ಹಿಂದೆ ಹೋದಾಗ ಪ್ರತ್ಯೇಕವೆಂದುಕೊಂಡಿದ್ದ ಕುಟುಂಬಗಳು ಒಂದಕ್ಕೊಂದು ಕೂಡಿಕೊಂಡವು. ಕೊನೆಗೆ 1745ರ ಸುಮಾರಿನ ಒಂದು ಸ್ಪ್ಯಾನಿಷ್ ಮೂಲದ ದಂಪತಿಯವರೆಗೆ ಜಾಡು ಸಿಕ್ಕಿತು. 2014ರಲ್ಲಿ ಡಿಎನ್‌ಎ ವಿಶ್ಲೇಷಣೆ ಮಾಡಿದವರು ಅದನ್ನು ಇನ್ನೂ ಹಿಂದಕ್ಕೆ, ಸುಮಾರು 375 ವರ್ಷಗಳ ಹಿಂದಕ್ಕೆ ಒಯ್ದರು. ಯುರೋಪಿನಿಂದ ಬಂದ ಒಬ್ಬನೇ ಪೂರ್ವಜ. ಇಂದು ಆ ಸಂತಾನದಲ್ಲಿ ಬದುಕಿರುವವರು ಸುಮಾರು 6,000 ಜನ. ದೋಷವನ್ನು ಹೊತ್ತವರು ಸುಮಾರು 1,200.

ಈ ಕೆಲಸ ನಡೆದ ಕಾಲವನ್ನೂ ನೆನಪಿಡಬೇಕು. 1980ರ ದಶಕದ ಕೊನೆ, 1990ರ ದಶಕ ಎಂದರೆ ಮೆಡೆಲೀನ್ ಕೊಕೇನ್ ದೊರೆ ಪಾಬ್ಲೊ ಎಸ್ಕೊಬಾರ್‌ನ ನಗರ. ಸುತ್ತಲ ಬೆಟ್ಟಗಳಲ್ಲಿ ಗೆರಿಲ್ಲಾಗಳು, ಅವರ ವಿರುದ್ಧ ಖಾಸಗಿ ಸೇನೆಗಳು. ರಕ್ತದ ಮಾದರಿಗಾಗಿ ಹಳ್ಳಿಗೆ ಹೋಗುವುದೆಂದರೆ ಹಿಂತಿರುಗುವ ಖಾತರಿಯಿಲ್ಲದ ಪ್ರಯಾಣ. ಮದ್ರಿಗಲ್‌ಳನ್ನು ಬಂಡುಕೋರರು ಕೆಲವು ದಿನ ಒತ್ತೆಯಾಗಿ ಇಟ್ಟುಕೊಂಡಿದ್ದರು. ಅಂಥ ಕಾಲದಲ್ಲಿ ಸತ್ತವರ ಮೆದುಳನ್ನು ಕೊಡಿ ಎಂದು ಕೇಳುವುದು, ಹೆಣ ಮನೆಯಲ್ಲಿರುವಾಗಲೇ ಕೇಳುವುದು, ಯಾರಿಗೂ ಸುಲಭವಲ್ಲ. ಮೊದಮೊದಲು ಹಿಂಜರಿದ ಕುಟುಂಬಗಳು ಕ್ರಮೇಣ ತಾವಾಗಿಯೇ ಫೋನು ಮಾಡತೊಡಗಿದವು. ಇಂದು ಆ ವಿಶ್ವವಿದ್ಯಾಲಯದ ಮೆದುಳು ಸಂಗ್ರಹದಲ್ಲಿ 500ಕ್ಕೂ ಹೆಚ್ಚು ಮೆದುಳುಗಳಿವೆ.

1990ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಕೆನೆತ್ ಕಾಸಿಕ್ ಲೊಪೇರಾನ ಜೊತೆಗೂಡಿದ. ಮೆದುಳಿನ ಪರೀಕ್ಷೆ ಇದು ಆಲ್ಝೈಮರ್ ಎಂದಿತು. ಲಂಡನ್ನಿನ ಶೋಧದಲ್ಲಿದ್ದ ಆಲಿಸನ್ ಗೋಟ್ ಈ ಜೀನಿನ ಹುಡುಕಾಟಕ್ಕೂ ಕೈಹಾಕಿದಳು. 1995ರಲ್ಲಿ ಉತ್ತರ ಸಿಕ್ಕಿತು: ಪ್ರೆಸೆನಿಲಿನ್-1ರ 280ನೇ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲದ ಬದಲು ಅಲನೀನ್. ತಂದೆ ಅಥವಾ ತಾಯಿಯಲ್ಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಬಂದರೆ ಕಾಯಿಲೆ ಬಹುತೇಕ ಖಚಿತ. ಮುಂದಿನ ವರ್ಷಗಳ ಅಧ್ಯಯನ ಆ ಕಾಯಿಲೆಯ ಗಡಿಯಾರವನ್ನೇ ಬರೆಯಿತು. ದೋಷ ಹೊತ್ತವರಲ್ಲಿ ಸುಮಾರು 35ಕ್ಕೆ ಪರೀಕ್ಷೆಯಲ್ಲಷ್ಟೇ ಕಾಣುವ ಸಣ್ಣ ಮರೆವು, 44ಕ್ಕೆ ಮನೆಯವರಿಗೂ ಕಾಣುವ ಮರೆವು, 49ಕ್ಕೆ ಡಿಮೆನ್ಷಿಯಾ, 59ಕ್ಕೆ ಸಾವು. ನಲವತ್ತರ ದಶಕದಲ್ಲಿರುವ ಯಾರೂ ಈ ನಾಲ್ಕು ಅಂಕಿಗಳನ್ನು ನಿರ್ಲಿಪ್ತವಾಗಿ ಓದಲಾರರು. ಮುಪ್ಪಿನಲ್ಲಿ ತಂದೆತಾಯಿಯರನ್ನು ಮಕ್ಕಳು ನೋಡಿಕೊಳ್ಳುವ ಕ್ರಮವೇ ಆ ಊರುಗಳಲ್ಲಿ ತಲೆಕೆಳಗು. ಎಂಬತ್ತು ದಾಟಿದ ತಾಯಿ, ಐವತ್ತರ ಆಸುಪಾಸಿನ ಎರಡು ಮೂರು ಮಕ್ಕಳ ಬಾಯಿ ಒರೆಸುತ್ತ ಬಟ್ಟೆ ಬದಲಿಸುತ್ತ ಕೂತ ಮನೆಗಳು ಅಲ್ಲಿವೆ. ದೋಷ ಇರುವುದು ತೀರಿಹೋದ ತಂದೆಯ ಕಡೆಯದು. ಉಳಿದು ನೋಡಿಕೊಳ್ಳುವ ಪಾಳಿ ತಾಯಿಯದು.

ಕೊಲಂಬಿಯಾ ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ಗಾರ್ಸಿಯಾ ಮಾರ್ಕೆಸ್‌ನ 'ನೂರು ವರ್ಷಗಳ ಏಕಾಂತ' ಮತ್ತು ಅದರಲ್ಲಿ ಇಡೀ ಊರಿಗೆ ಬಡಿಯುವ ನಿದ್ರೆಗೇಡಿನ ಪಿಡುಗು. ನೆನಪು ಅಳಿಸುತ್ತ ಹೋದಂತೆ ಜನ ವಸ್ತುಗಳ ಮೇಲೆಲ್ಲ ಹೆಸರು ಬರೆದು ಅಂಟಿಸುತ್ತಾರೆ. ಆಂಟಿಯೋಕಿಯಾದ ಬಗ್ಗೆ ಬರೆಯುವವರಲ್ಲಿ ಅನೇಕರು ಈ ಹೋಲಿಕೆಯನ್ನು ತರದೆ ಬಿಡುವುದಿಲ್ಲ. ನನಗೆ ಅದರಲ್ಲಿ ಅಷ್ಟು ಒಲವಿಲ್ಲ. ಕಾದಂಬರಿ ಬಂದದ್ದು 1967ರಲ್ಲಿ, ಲೊಪೇರಾ ಬೆಲ್ಮೀರಾದ ರೈತನನ್ನು ಕಾಣುವ ಬಹಳ ಮೊದಲು. ಮಾರ್ಕೆಸ್ ಹುಟ್ಟಿದ ಅರಕಟಾಕಾ ಇರುವುದು ದೂರದ ಕೆರಿಬಿಯನ್ ಕಡಲ ಬದಿಯ ಬಯಲಿನಲ್ಲಿ. ಹೆಚ್ಚಾಗಿ, ಕಾದಂಬರಿಯ ಮರೆವು ಊರಿಗೆಲ್ಲ ಸಮನಾಗಿ ಬರುತ್ತದೆ, ಮದ್ದು ಕುಡಿದೊಡನೆ ಹೋಗುತ್ತದೆ. ಬೊಬೇರಾ ಮನೆ ನೋಡಿ ಬರುತ್ತದೆ, ಒಡಹುಟ್ಟಿದವರ ನಡುವೆಯೇ ಗೆರೆ ಎಳೆಯುತ್ತದೆ. ಅಣ್ಣನಿಗೆ ಬಂದು ತಮ್ಮನಿಗೆ ಬಾರದಿರುವುದೇ ಆ ಊರುಗಳ ನಿಜವಾದ ಸಂಕಟ. ಮಾಯಾ ವಾಸ್ತವಕ್ಕೆ ಅಲ್ಲಿ ಕೆಲಸವಿಲ್ಲ.

ಮೆದುಳಿನಲ್ಲಿ ಅಮಿಲಾಯ್ಡ್ ಕೂಡುವುದು ಮರೆವು ಕಾಣುವ ಹದಿನೈದು ವರ್ಷ ಮೊದಲೇ ಶುರುವಾಗುತ್ತದೆ ಎಂಬುದು ಇಂಥ ಕುಟುಂಬಗಳಿಂದಲೇ ತಿಳಿದದ್ದು. ಯಾರಿಗೆ ಯಾವ ವಯಸ್ಸಿನಲ್ಲಿ ಬರುತ್ತದೆಂದು ಮೊದಲೇ ಹೇಳಬಹುದಾದದ್ದರಿಂದ ಬರುವ ಮೊದಲಿನ ವರ್ಷಗಳನ್ನೂ ಅಳೆಯಲು ಸಾಧ್ಯವಾಯಿತು. ಸಾಮಾನ್ಯ ಅರಳುಮರಳಿನಲ್ಲಿ ಇದು ಅಸಾಧ್ಯ. ಹಾಗಾದರೆ ಔಷಧವನ್ನೂ ಮರೆವಿಗೆ ಮೊದಲೇ ಕೊಟ್ಟು ನೋಡಬೇಕೆಂಬ ಯೋಚನೆ ಹುಟ್ಟಿತು. ಅದಕ್ಕೆ ಬರುವ ಮುನ್ನ ಇನ್ನೊಂದು ವಿಷಯ ಹೇಳಬೇಕು.

ಆ ಸಂತಾನದ ಒಬ್ಬ ಹೆಂಗಸು ದೋಷವನ್ನು ಹೊತ್ತಿದ್ದರೂ ಎಪ್ಪತ್ತರವರೆಗೆ ಮರೆಯಲಿಲ್ಲ. ಗಡಿಯಾರ ಅವಳ ವಿಷಯದಲ್ಲಿ ಸುಮಾರು ಮೂವತ್ತು ವರ್ಷ ತಡವಾಯಿತು. ಅವಳನ್ನು ಬಾಸ್ಟನ್ನಿಗೆ ಕರೆದೊಯ್ದು ಪರೀಕ್ಷಿಸಿದಾಗ ಮೆದುಳು ಅಮಿಲಾಯ್ಡ್‌ನಿಂದ ತುಂಬಿಹೋಗಿತ್ತು. ಆದರೆ ಆಲ್ಝೈಮರ್ ಕಂಡ ಎರಡನೆಯ ಗುರುತು, ಟೌ ಪ್ರೋಟೀನಿನ ಸಿಕ್ಕುಗಳು, ತೀರ ಕಡಿಮೆ. 2019ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವಳಲ್ಲಿ ಇನ್ನೊಂದು ಜೀನಿನ, ಎಪಿಒಇಯ, ಬಲು ಅಪರೂಪದ ರೂಪವೊಂದರ ಎರಡು ಪ್ರತಿಗಳಿದ್ದವು. ಎಪಿಒಇಯ ಒಂದು ರೂಪ ಮುಪ್ಪಿನ ಆಲ್ಝೈಮರ್‌ನ ಅಪಾಯವನ್ನು ಹೆಚ್ಚಿಸುತ್ತದೆಂದು 1993ರಿಂದಲೇ ಗೊತ್ತಿತ್ತು. ಇವಳಲ್ಲಿದ್ದದ್ದು ಕಾಯುವ ರೂಪ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಮೊದಲು ಕಂಡದ್ದರಿಂದ ಅದಕ್ಕೆ ಆ ಊರಿನ ಹೆಸರು. ಒಂದೇ ದೇಹದಲ್ಲಿ ಶಾಪವೂ ವಿಶಾಪವೂ ಇದ್ದಂತೆ. 2023ರಲ್ಲಿ ಬೇರೊಂದು ಜೀನು ಕಾಪಾಡಿದ ಗಂಡಸೊಬ್ಬನ ವರದಿ ಬಂತು. ಮರುವರ್ಷ, ಕ್ರೈಸ್ಟ್‌ಚರ್ಚ್ ರೂಪದ ಒಂದೇ ಪ್ರತಿ ಇದ್ದ 27 ಮಂದಿಯಲ್ಲೂ ಮರೆವು ಸುಮಾರು ಐದು ವರ್ಷ ತಡವಾಗಿ ಬಂದುದನ್ನು ತಂಡ ತೋರಿಸಿತು. ಅಮಿಲಾಯ್ಡ್ ಇದ್ದರೂ ಮರೆಯದೆ ಇರಬಹುದು ಎಂದಾದರೆ, ಅದನ್ನು ತೊಳೆದುಹಾಕುವುದೊಂದೇ ದಾರಿ ಎಂದು ಮೂವತ್ತು ವರ್ಷ ನಂಬಿದವರು ತುಸು ತಡೆದು ಯೋಚಿಸಬೇಕಾಯಿತು. ಆ ಹೆಂಗಸು 2020ರಲ್ಲಿ ತೀರಿಕೊಂಡಳು. ಅವಳ ಮೆದುಳು ಕೂಡ ಸಂಗ್ರಹವನ್ನು ಸೇರಿತು.

ಇನ್ನು ಔಷಧದ ಪ್ರಯೋಗ. 2013ರ ಕೊನೆಯಲ್ಲಿ ಕ್ರೆನೆಜುಮಾಬ್ ಎಂಬ, ಅಮಿಲಾಯ್ಡಿಗೆ ಅಂಟಿಕೊಳ್ಳುವ ಔಷಧವನ್ನು ಈ ಕುಟುಂಬಗಳ 252 ಮಂದಿಯ ಮೇಲೆ ಪರೀಕ್ಷಿಸಲು ಆರಂಭಿಸಿದರು. ಜಿನೆನ್‌ಟೆಕ್ ಕಂಪನಿ, ಅಮೆರಿಕದ ಬ್ಯಾನರ್ ಸಂಸ್ಥೆ, ಅಲ್ಲಿಯ ಸರ್ಕಾರದ ಅನುದಾನ ಮತ್ತು ಲೊಪೇರಾನ ತಂಡ, ಇವರೆಲ್ಲ ಸೇರಿದ್ದರು. ಭಾಗವಹಿಸಿದ ಯಾರಿಗೂ ಆಗ ಮರೆವಿರಲಿಲ್ಲ. ಇಲ್ಲೊಂದು ತೊಡಕಿತ್ತು. ಆ ಊರುಗಳಲ್ಲಿ ಬಹುಪಾಲು ಜನರಿಗೆ ತಮ್ಮಲ್ಲಿ ದೋಷ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಮದ್ದಿಲ್ಲದ ಕಾಯಿಲೆಯ ತೀರ್ಪನ್ನು ಮೂವತ್ತಕ್ಕೇ ಕೇಳಿಸಿಕೊಂಡು ಬದುಕುವುದು ಹೇಗೆಂದು, ತಂಡ ರಕ್ತ ಪರೀಕ್ಷಿಸಿದರೂ ಫಲಿತಾಂಶ ಹೇಳುತ್ತಿರಲಿಲ್ಲ. ಈಗ ದೋಷ ಇರುವವರನ್ನು ಮಾತ್ರ ಪ್ರಯೋಗಕ್ಕೆ ಕರೆದರೆ, ಕರೆ ಬಂತೆಂಬುದೇ ತೀರ್ಪಾಗುತ್ತದೆ. ಆದ್ದರಿಂದ ದೋಷ ಇಲ್ಲದವರನ್ನೂ ಸೇರಿಸಿಕೊಂಡರು, ಸುಮಾರು ಮೂರರಲ್ಲಿ ಒಂದು ಪಾಲು. ದೋಷ ಇರುವವರಲ್ಲಿ ಅರ್ಧದಷ್ಟು ಜನರಿಗೆ ಔಷಧ, ಇನ್ನರ್ಧಕ್ಕೆ ಹುಸಿಮದ್ದು. ಇಲ್ಲದವರಿಗೆಲ್ಲ ಹುಸಿಮದ್ದೇ. ಯಾರು ಯಾವ ಗುಂಪಿನವರೆಂದು ರೋಗಿಗೂ ಗೊತ್ತಿಲ್ಲ, ಚುಚ್ಚುವ ನರ್ಸಿಗೂ ಗೊತ್ತಿಲ್ಲ.

ಔಷಧ ಸೋತಿತು. 2022ರ ಜೂನ್‌ನಲ್ಲಿ ಹೊರಬಂದ ಫಲಿತಾಂಶದಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇತರ ದೇಶಗಳ ಇಂಥ ಕುಟುಂಬಗಳಲ್ಲಿ ನಡೆದ ಬೇರೆ ಎರಡು ಔಷಧಗಳ ಪರೀಕ್ಷೆಯೂ 2020ರಲ್ಲಿ ಸೋತಿತ್ತು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮಂಜೂರಾತಿ ಪಡೆದ ಲೆಕಾನೆಮಾಬ್ ಮುಪ್ಪಿನ ಆಲ್ಝೈಮರ್‌ನ ವೇಗವನ್ನು ತುಸು ತಗ್ಗಿಸುತ್ತದೆ. 2023ರಲ್ಲಿ ಅದರ ವರ್ಷದ ಬೆಲೆ ಅಲ್ಲಿ 26,500 ಡಾಲರ್ ಇತ್ತು. ಅಮಿಲಾಯ್ಡನ್ನು ಗುರಿಯಾಗಿಸಿದ ಆ ಔಷಧದ ಮೂಲ ಚಿಂತನೆ ನಾಟಿಂಗ್‌ಹ್ಯಾಮಿನ ಒಂದು ಪತ್ರಕ್ಕೂ ಇಂಥ ಕುಟುಂಬಗಳ ರಕ್ತಕ್ಕೂ ಋಣಿ. ಯಾರುಮಾಲ್‌ನ ರೈತನ ಕೈಗೆ ಆ ಬೆಲೆ ಎಟುಕುವುದು ಹೇಗೆಂಬುದನ್ನು ಯಾವ ಸಂಶೋಧನಾ ಪತ್ರಿಕೆಯೂ ಲೆಕ್ಕಹಾಕುವುದಿಲ್ಲ. ಲೊಪೇರಾ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ಸೋತ ಆ ಪ್ರಯೋಗದ ಒಂದು ವಿವರ ಮಾತ್ರ ನನ್ನನ್ನು ಬಿಡದೆ ಕಾಡಿದೆ. ಸೇರಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕೊನೆಯವರೆಗೂ ಉಳಿದರು. ಐದರಿಂದ ಎಂಟು ವರ್ಷ, ಎರಡು ವಾರಕ್ಕೊಮ್ಮೆ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್, ನೆನಪಿನ ಪರೀಕ್ಷೆ. ಬೆಟ್ಟದ ಊರುಗಳಿಂದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರು. ಅವರಲ್ಲಿ ಮೂರರಲ್ಲೊಂದು ಪಾಲು ಜನರಿಗೆ ಯಾವ ದೋಷವೂ ಇರಲಿಲ್ಲ, ಯಾವ ಮದ್ದಿನ ಅಗತ್ಯವೂ ಇರಲಿಲ್ಲ, ಮದ್ದು ಸಿಗುತ್ತಲೂ ಇರಲಿಲ್ಲ. ಅಕ್ಕನಿಗೋ ತಮ್ಮನಿಗೋ ತನ್ನ ಪಾಲಿನ ತೀರ್ಪು ಗೊತ್ತಾಗದಿರಲೆಂದು ಅವರು ಅಷ್ಟು ವರ್ಷ ತೋಳು ಚಾಚಿ ಕೂತಿದ್ದರು. ತಾವು ಆ ಪಾಲಿಗೆ ಸೇರಿದವರೆಂಬುದು ಅವರಿಗೂ ತಿಳಿದಿರಲಿಲ್ಲ.